ಸಾಸಿವೆಯ ವಂಶದ ಎಣ್ಣೆ: ದೀಪಕ್ಕೆ, ಬಾಣಲೆಗೆ, ಎಂಜಿನ್ನಿಗೆ

ದ್ಯುತಿಮಾಪನದ ಹಳೆಯ ಪುಸ್ತಕಗಳನ್ನು ತಿರುವಿ ಹಾಕಿದವರಿಗೆ ‘ಕಾರ್ಸೆಲ್’ ಎಂಬ ಏಕಮಾನ ಕಣ್ಣಿಗೆ ಬಿದ್ದಿರಬಹುದು. ಇಂದು ನಾವು ಬೆಳಕಿನ ತೀವ್ರತೆಯನ್ನು ಕ್ಯಾಂಡೆಲಾದಲ್ಲಿ ಹೇಳುವಂತೆ 19ನೆಯ ಶತಮಾನದ ಫ್ರಾನ್ಸಿನಲ್ಲಿ ಅದನ್ನು ಕಾರ್ಸೆಲ್‌ನಲ್ಲಿ ಹೇಳುತ್ತಿದ್ದರು. ಅದರ ವ್ಯಾಖ್ಯೆ ಸ್ವಾರಸ್ಯಕರವಾಗಿದೆ. ನಿಗದಿತ ಅಳತೆಯ ದೀಪವೊಂದು ಗಂಟೆಗೆ 42 ಗ್ರಾಂ ಶುದ್ಧೀಕರಿಸಿದ ಕೋಲ್ಝಾ ಎಣ್ಣೆಯನ್ನು ಉರಿಸುವಾಗ ಕೊಡುವ ಬೆಳಕೇ ಒಂದು ಕಾರ್ಸೆಲ್. ಇಂದಿನ ಲೆಕ್ಕದಲ್ಲಿ ಅದು ಸುಮಾರು 9.7 ಕ್ಯಾಂಡೆಲಾ.

ಏನಿದು ಕೋಲ್ಝಾ? ಡಚ್ ಭಾಷೆಯ ‘ಕೋಲ್‌ಝಾಟ್’ ಎಂಬ ಪದ ಫ್ರೆಂಚರ ಬಾಯಲ್ಲಿ ‘ಕೋಲ್ಝಾ’ ಆಯಿತು. ಅರ್ಥ, ಕೋಸಿನ ಬೀಜ. ಇಂಗ್ಲಿಷಿನಲ್ಲಿ ಇದೇ ಬೆಳೆಗೆ ರೇಪ್‌ಸೀಡ್ ಎನ್ನುತ್ತಾರೆ. ನಮ್ಮ ಒಗ್ಗರಣೆಯ ಸಾಸಿವೆಗೂ ಸಂತೆಯಲ್ಲಿ ಕೊಳ್ಳುವ ಎಲೆಕೋಸಿಗೂ ಹತ್ತಿರದ ನೆಂಟನಾದ ಒಂದು ಹಳದಿ ಹೂವಿನ ಗಿಡ ಇದು. ಅದರ ಎಣ್ಣೆ ಒಂದು ಕಾಲಕ್ಕೆ ಒಂದು ದೇಶದ ಬೆಳಕಿನ ಅಳತೆಗೋಲಾಗಿತ್ತು. ಇಂದು ಅದೇ ಗಿಡದ ಎಣ್ಣೆ ಕೆನಡದ ಅಡುಗೆಮನೆಯಲ್ಲಿದೆ, ಜರ್ಮನಿಯ ಲಾರಿಗಳ ಟ್ಯಾಂಕಿನಲ್ಲಿಯೂ ಇದೆ. ಒಂದೇ ಎಣ್ಣೆ ಮೂರು ಕೆಲಸಕ್ಕೆ ಒಗ್ಗಿದ್ದು ಹೇಗೆ ಎಂದು ನೀವು ಕೇಳಬಹುದು. ನಿಜ ಹೇಳಬೇಕೆಂದರೆ ಅದು ಒಂದೇ ಎಣ್ಣೆಯಲ್ಲ. ಗಿಡ ಅದೇ ಇದ್ದರೂ ಎಣ್ಣೆಯೊಳಗಿನ ಒಂದು ಅಣುವನ್ನು ವಿಜ್ಞಾನಿಗಳು 20ನೆಯ ಶತಮಾನದಲ್ಲಿ ಹೆಚ್ಚು ಕಡಿಮೆ ಇಲ್ಲವಾಗಿಸಿದರು. ಆ ಬದಲಾವಣೆಯ ಇತಿಹಾಸವನ್ನು ಇಲ್ಲಿ ನೋಡೋಣ.

ಮೂರು ಮತ್ತು ಮೂರು

ಈ ಸಸ್ಯಗಳ ಕುಲಕ್ಕೆ ಬ್ರಾಸಿಕ ಎಂದು ಹೆಸರು. ಮೊದಲು ಇದರ ನೆಂಟಸ್ತಿಕೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಇಲ್ಲಿ ಜೀವವಿಜ್ಞಾನಕ್ಕಿಂತ ಹೆಚ್ಚಾಗಿ ಪ್ರಾಥಮಿಕ ಶಾಲೆಯ ಕೂಡುವ ಲೆಕ್ಕ ಸಾಕು.

ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೋಲಿ ಇವೆಲ್ಲ ಬೇರೆ ಬೇರೆ ತರಕಾರಿಗಳು ಎಂದು ನಾವು ತಿಳಿದಿದ್ದೇವೆ. ಸಸ್ಯಶಾಸ್ತ್ರದ ಪ್ರಕಾರ ಇವೆಲ್ಲ ಒಂದೇ ಪ್ರಭೇದ, ಬ್ರಾಸಿಕ ಒಲರೇಸಿಯ. ರೈತರು ಶತಮಾನಗಳ ಕಾಲ ಒಂದು ಕಡೆ ತುದಿಮೊಗ್ಗನ್ನು, ಮತ್ತೊಂದು ಕಡೆ ಕಾಂಡವನ್ನು, ಇನ್ನೊಂದು ಕಡೆ ಅರಳದ ಹೂಗೊಂಚಲನ್ನು ಆಯ್ದು ಆಯ್ದು ಬೆಳೆಸಿದ್ದರಿಂದ ಅವು ಇಷ್ಟು ಬೇರೆಯಾಗಿ ಕಾಣುತ್ತವೆ. ಬೀಜಗಳನ್ನು ಅಂಗೈಯಲ್ಲಿ ಬೆರೆಸಿ ಕೊಟ್ಟರೆ ಯಾವುದು ಯಾವುದರದ್ದೆಂದು ಹೇಳುವುದು ಕಷ್ಟ. ಒಲರೇಸಿಯದ ಜೀವಕೋಶದಲ್ಲಿ ವರ್ಣತಂತುಗಳ ಒಂದು ಜೊತೆಗಟ್ಟಿನ ಸಂಖ್ಯೆ 9. ಟರ್ನಿಪ್ ಮತ್ತು ಚೀನಿ ಕೋಸುಗಳ ಪ್ರಭೇದವಾದ ರಾಪದಲ್ಲಿ ಅದು 10. ಕಪ್ಪು ಸಾಸಿವೆ ನೈಗ್ರದಲ್ಲಿ 8.

ಇನ್ನು ಮೂರು ಪ್ರಭೇದಗಳಿವೆ: ಜಂಸಿಯದಲ್ಲಿ 18, ನಾಪಸ್‌ನಲ್ಲಿ 19, ಕ್ಯಾರಿನೇಟದಲ್ಲಿ 17. ಈ ಆರು ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು ವಿದ್ಯಾರ್ಥಿಗಳ ಮುಂದಿಡಿ. 10 ಮತ್ತು 8 ಸೇರಿ 18, 10 ಮತ್ತು 9 ಸೇರಿ 19, 8 ಮತ್ತು 9 ಸೇರಿ 17 ಎಂದು ಯಾರಾದರೊಬ್ಬರು ಬೇಗನೆ ಹೇಳಿಯಾರು. ಎರಡನೆಯ ಮೂರು ಪ್ರಭೇದಗಳು ಮೊದಲಿನ ಮೂರರ ನಡುವೆ ಪ್ರಕೃತಿಯಲ್ಲೇ ನಡೆದ ಸಂಕರಣದಿಂದ ಹುಟ್ಟಿದವು, ಎರಡೂ ಕಡೆಯ ವರ್ಣತಂತುಗಳನ್ನು ಪೂರ್ತಿಯಾಗಿ ಉಳಿಸಿಕೊಂಡವು. ಇದನ್ನು 1935ರಲ್ಲಿ ಸ್ಪಷ್ಟವಾಗಿ ತೋರಿಸಿದವನು ವೂ ಜಾಂಗ್-ಚೂನ್. ತಂದೆ ಕೊರಿಯದವ, ತಾಯಿ ಜಪಾನಿನವಳು. ಟೋಕಿಯೋದಲ್ಲಿ ಹುಟ್ಟಿ ಜಪಾನಿನಲ್ಲಿ ಕೆಲಸ ಮಾಡಿದ ಈತ ರಾಪ ಮತ್ತು ಒಲರೇಸಿಯವನ್ನು ಸಂಕರಗೊಳಿಸಿ ನಾಪಸ್ ಅನ್ನು ಪ್ರಯೋಗದಲ್ಲೇ ಪಡೆದ. ಮೂರು ಮೂಲೆಗಳಲ್ಲಿ ಮೂರು ಮೂಲ ಪ್ರಭೇದ, ಮೂರು ಬಾಹುಗಳ ಮೇಲೆ ಮೂರು ಸಂಕರ ಪ್ರಭೇದ. ಈ ಚಿತ್ರವನ್ನು ಇಂದಿಗೂ ‘ಯು ತ್ರಿಕೋನ’ ಎನ್ನುತ್ತಾರೆ. ‘ಯು’ ಎಂಬುದು ಆತನ ವಂಶನಾಮದ ಜಪಾನೀ ಉಚ್ಚಾರಣೆಯಿಂದ ಬಂದದ್ದು. 1950ರಲ್ಲಿ ಆತ ಕೊರಿಯಕ್ಕೆ ಹೋಗಿ ಕೋಸು, ಮೂಲಂಗಿಗಳ ಒಳ್ಳೆಯ ಬೀಜವಿಲ್ಲದೆ ಸೊರಗಿದ್ದ ಆ ದೇಶಕ್ಕೆ ತಳಿಗಳನ್ನು ಒದಗಿಸಿದ.

ನಮ್ಮ ಒಗ್ಗರಣೆ ಡಬ್ಬಿಯಲ್ಲಿ ಈಗ ಹೆಚ್ಚಾಗಿ ಇರುವುದು ಜಂಸಿಯ, ಅಂದರೆ 18ರ ಸಾಸಿವೆ. ಉತ್ತರ ಭಾರತ ಮತ್ತು ಬಂಗಾಳದ ಸಾಸಿವೆ ಎಣ್ಣೆಯೂ ಮುಖ್ಯವಾಗಿ ಅದರದೇ. ಯುರೋಪಿನ ಕೋಲ್ಝಾ ಎಣ್ಣೆ ನಾಪಸ್ ಮತ್ತು ರಾಪಗಳಿಂದ ಬರುತ್ತಿತ್ತು. 17ರ ಕ್ಯಾರಿನೇಟವನ್ನು ಸದ್ಯಕ್ಕೆ ನೆನಪಿನಲ್ಲಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಬತ್ತಿ ಏರದ ಎಣ್ಣೆ

ಹಣತೆಯನ್ನು ಗಮನಿಸಿದ್ದೀರಾ? ಬತ್ತಿಯ ಉರಿಯುವ ತುದಿ ಎಣ್ಣೆಯ ಮಟ್ಟದಿಂದ ಹೆಚ್ಚು ಮೇಲಿರುವುದಿಲ್ಲ. ಸೀಮೆಎಣ್ಣೆಯ ಬುಡ್ಡಿಯಲ್ಲಾದರೋ ಎಣ್ಣೆ ತಳ ಕಂಡಿದ್ದರೂ ದೀಪ ಉರಿಯುತ್ತಿರುತ್ತದೆ. ಕಾರಣ ಸ್ನಿಗ್ಧತೆ. ಬತ್ತಿಯ ಎಳೆಗಳ ನಡುವೆ ಎಣ್ಣೆಯನ್ನು ಮೇಲೆಳೆಯುವುದು ಲೋಮನಾಳ ಕ್ರಿಯೆ. ಆದರೆ ಎಷ್ಟು ಬೇಗ ಮೇಲೇರುತ್ತದೆ ಎಂಬುದು ದ್ರವದ ಸ್ನಿಗ್ಧತೆಯನ್ನು ಅವಲಂಬಿಸಿದೆ. ಬೀಜದ ಎಣ್ಣೆಗಳು ಮಂದ. ಜ್ವಾಲೆ ಬೇಡುವಷ್ಟು ವೇಗದಲ್ಲಿ ಅವು ಎತ್ತರಕ್ಕೆ ಏರಲಾರವು.

1780ರ ದಶಕದಲ್ಲಿ ಅರ್ಗಾಂಡ್ ಕೊಳವೆಯಾಕಾರದ ಬತ್ತಿಯ ದೀಪವನ್ನು ರೂಪಿಸಿದಾಗ ಬೆಳಕು ಬಹಳಷ್ಟು ಹೆಚ್ಚಿತು. ಆದರೆ ಎಣ್ಣೆಯ ತೊಟ್ಟಿಯನ್ನು ಬತ್ತಿಯ ಪಕ್ಕದಲ್ಲಿ, ಎತ್ತರದಲ್ಲಿ ಇಡಬೇಕಾಯಿತು. ಆ ತೊಟ್ಟಿಯ ನೆರಳು ಒಂದು ಬದಿಯ ಬೆಳಕನ್ನೇ ನುಂಗಿತು. 1800ರಲ್ಲಿ ಪ್ಯಾರಿಸ್ಸಿನ ಗಡಿಯಾರ ಕುಶಲಕರ್ಮಿ ಬರ್ನಾರ್ ಗಿಯೋಮ್ ಕಾರ್ಸೆಲ್ ತನ್ನ ಕಸುಬಿನ ದಾರಿಯಲ್ಲೇ ಇದಕ್ಕೆ ಪರಿಹಾರ ಹುಡುಕಿದ. ತೊಟ್ಟಿಯನ್ನು ದೀಪದ ಬುಡಕ್ಕೆ ಇಳಿಸಿ, ಗಡಿಯಾರದಂತೆ ಕೀಲಿ ಕೊಡುವ ಯಂತ್ರದಿಂದ ಪುಟ್ಟ ಪಂಪೊಂದನ್ನು ನಡೆಸಿ ಎಣ್ಣೆಯನ್ನು ಬತ್ತಿಗೆ ಒದಗಿಸಿದ. ಎಣ್ಣೆ ಒಂದೇ ಸಮನೆ ಬರುತ್ತಿದ್ದುದರಿಂದ ಜ್ವಾಲೆಯೂ ಒಂದೇ ಸಮನಾಗಿತ್ತು. ಈ ಗುಣದಿಂದಲೇ ಅದು ಮುಂದೆ ಅಳತೆಯ ದೀಪವಾಯಿತು.

ಅದೇ ಕಾಲದಲ್ಲಿ ಫ್ರೆನೆಲ್ ಮತ್ತು ಅರಾಗೋ ದೀಪಸ್ತಂಭಗಳಿಗಾಗಿ ಹಲವು ಸುತ್ತಿನ ಬತ್ತಿಗಳ ದೊಡ್ಡ ದೀಪವನ್ನು ಸಿದ್ಧಪಡಿಸಿದರು. 1823ರಲ್ಲಿ ಕೊರ್ಡುವಾನ್ ದೀಪಸ್ತಂಭದಲ್ಲಿ ಫ್ರೆನೆಲ್ ಮಸೂರ ಮೊದಲು ಬೆಳಗಿದಾಗ ಅದರ ಹಿಂದೆ ಉರಿಯುತ್ತಿದ್ದುದು ಕೋಲ್ಝಾ ಎಣ್ಣೆ. ನಾವು ತರಗತಿಯಲ್ಲಿ ಫ್ರೆನೆಲ್ ಮಸೂರದ ವಕ್ರೀಭವನವನ್ನು ವಿವರಿಸುತ್ತೇವೆ, ಎಣ್ಣೆಯ ಹೆಸರನ್ನು ಮಾತ್ರ ಬಿಟ್ಟುಬಿಡುತ್ತೇವೆ. ಬ್ರಿಟನ್ನಿನ ದೀಪಸ್ತಂಭಗಳಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬಳಕೆಯಲ್ಲಿತ್ತು. ಬೇಟೆ ಹೆಚ್ಚಿ ತಿಮಿಂಗಿಲಗಳು ಕಡಿಮೆಯಾಗಿ ಬೆಲೆ ಏರಿದಾಗ ಅವರೂ 1840ರ ದಶಕದಲ್ಲಿ ಕೋಲ್ಝಾಕ್ಕೆ ತಿರುಗಿದರು. ಆ ದೀಪಸ್ತಂಭಗಳನ್ನು ನೋಡಿಕೊಳ್ಳುತ್ತಿದ್ದ ಟ್ರಿನಿಟಿ ಹೌಸ್ ಸಂಸ್ಥೆಗೆ ಆಗ ವೈಜ್ಞಾನಿಕ ಸಲಹೆಗಾರನಾಗಿದ್ದವನು ಮೈಕೇಲ್ ಫ್ಯಾರಡೆ.

ಈಗ ಒಂದು ಸಣ್ಣ ಲೆಕ್ಕ. ಎಣ್ಣೆಯ ದಹನೋಷ್ಣ ಗ್ರಾಂಗೆ ಸುಮಾರು 37 ಕಿಲೋಜೌಲ್. ಗಂಟೆಗೆ 42 ಗ್ರಾಂ ಎಂದರೆ 1,554 ಕಿಲೋಜೌಲ್, ಅಂದರೆ ಸುಮಾರು 430 ವಾಟ್. ದೀಪ ಎಲ್ಲ ದಿಕ್ಕಿಗೂ ಸಮನಾಗಿ 9.7 ಕ್ಯಾಂಡೆಲಾ ಬೆಳಕು ಬೀರುತ್ತದೆ ಎಂದಿಟ್ಟುಕೊಂಡರೆ ಒಟ್ಟು ಸುಮಾರು 122 ಲ್ಯೂಮೆನ್. ವಾಟಿಗೆ 0.3 ಲ್ಯೂಮೆನ್ ಸಹ ಇಲ್ಲ. ಇಂದು ವಾಟಿಗೆ 100 ಲ್ಯೂಮೆನ್ ಕೊಡುವ ಎಲ್‌ಇಡಿ ಬಲ್ಬು ಇಷ್ಟೇ ಬೆಳಕಿಗೆ ಸುಮಾರು 1.2 ವಾಟ್ ಬಳಸುತ್ತದೆ. ಉಳಿದ ಶಕ್ತಿಯೆಲ್ಲ ಉಷ್ಣವಾಗಿ ಹೋಗುತ್ತಿತ್ತು. ಬೆಳೆದ ಹೊಲದ ಬಹುಭಾಗ ಕೋಣೆಯ ಗಾಳಿಯನ್ನು ಬಿಸಿ ಮಾಡಲು ಬಳಕೆಯಾದಂತೆ!

1859ರ ನಂತರ ಅಮೆರಿಕದ ತೈಲಬಾವಿಗಳಿಂದ ಅಗ್ಗದ ಸೀಮೆಎಣ್ಣೆ ಬಂತು. ಬತ್ತಿಯಲ್ಲಿ ಸರಾಗವಾಗಿ ಏರುವ ಅದಕ್ಕೆ ಕಾರ್ಸೆಲ್‌ನ ಪಂಪು ಬೇಕಿರಲಿಲ್ಲ. ಅಳತೆಯ ಏಕಮಾನವಾಗಿಯೂ ಕೋಲ್ಝಾ ಬಹಳ ಕಾಲ ಉಳಿಯಲಿಲ್ಲ. 1884ರ ಅಂತಾರಾಷ್ಟ್ರೀಯ ಸಮ್ಮೇಳನ ಘನೀಭವಿಸುವ ತಾಪದಲ್ಲಿರುವ ಪ್ಲಾಟಿನಮ್ಮಿನ ಬೆಳಕನ್ನು ಆಧಾರವಾಗಿ ಒಪ್ಪಿಕೊಂಡಿತು. ಆ ದಾರಿಯೇ 1948ರ ಕ್ಯಾಂಡೆಲಾಕ್ಕೆ ತಲುಪಿತು. 1979ರಿಂದ ಅದನ್ನು ವಿಕಿರಣದ ಆವೃತ್ತಿ ಮತ್ತು ವಾಟ್‌ಗಳ ಮೂಲಕವೇ ವ್ಯಾಖ್ಯಾನಿಸಲಾಗಿದೆ.

ಉಗಿಗೆ ಜಗ್ಗದ ಕೀಲೆಣ್ಣೆ

ದೀಪ ಕೈಬಿಟ್ಟ ಎಣ್ಣೆಯನ್ನು ಉಗಿಯಂತ್ರ ಕೈಹಿಡಿಯಿತು. ಉಗಿಯಂತ್ರದ ಸಿಲಿಂಡರಿನಲ್ಲಿ ಬಿಸಿ ಉಗಿ, ತಂಪಾದಾಗ ನೀರು, ಎರಡೂ ಲೋಹದ ಮೈಯನ್ನು ತೊಳೆಯುತ್ತಿರುತ್ತವೆ. ಖನಿಜ ತೈಲ ಅಲ್ಲಿ ನಿಲ್ಲುವುದಿಲ್ಲ. ರೇಪ್‌ಸೀಡ್ ಎಣ್ಣೆ ಒದ್ದೆ ಲೋಹಕ್ಕೂ ಅಂಟಿಕೊಂಡು ನಿಲ್ಲುತ್ತದೆ.

ಏಕೆ? ಸಸ್ಯದ ಎಣ್ಣೆಯ ಅಣು ಎಂದರೆ ಒಂದು ಗ್ಲಿಸರಾಲ್‌ಗೆ ತೂಗುಬಿದ್ದ ಮೂರು ಮೇದಾಮ್ಲಗಳ ಬಾಲ. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಗಳ ಮುಖ್ಯ ಮೇದಾಮ್ಲಗಳ ಬಾಲದಲ್ಲಿ 18 ಇಂಗಾಲ ಪರಮಾಣುಗಳಿವೆ. ಹಳೆಯ ರೇಪ್‌ಸೀಡ್ ಮತ್ತು ಸಾಸಿವೆ ಎಣ್ಣೆಗಳಲ್ಲಿ ಮಾತ್ರ 22 ಇಂಗಾಲಗಳ ಉದ್ದನೆಯ ಬಾಲವುಳ್ಳ ಎರೂಸಿಕ್ ಆಮ್ಲ ಅರ್ಧದ ಹತ್ತಿರ ಇರುತ್ತದೆ. ಅಣುವಿನ ಆಕ್ಸಿಜನ್ ಇರುವ ಧ್ರುವೀಯ ತುದಿ ಲೋಹವನ್ನು ಹಿಡಿದುಕೊಳ್ಳುತ್ತದೆ, ಉದ್ದನೆಯ ಬಾಲಗಳು ಹುಲ್ಲಿನ ಹಾಸಿನಂತೆ ನಿಂತು ಎದುರಿನ ಲೋಹವನ್ನು ದೂರವಿಡುತ್ತವೆ. ಇಂತಹ ತೆಳುಪದರದ ಕೀಲೆಣ್ಣೆಯ ವಿಜ್ಞಾನಕ್ಕೆ 1920ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಹಾರ್ಡಿ ತಳಪಾಯ ಹಾಕಿದ. ಇಂಗಾಲದ ಸರಪಳಿ ಉದ್ದವಾದಷ್ಟೂ ಘರ್ಷಣೆ ಕಡಿಮೆ ಎಂಬುದು ಅವನ ಪ್ರಯೋಗಗಳಿಂದ ತಿಳಿದುಬಂತು.

ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಹಡಗುಗಳು ಹೆಚ್ಚಾಗಿ ಉಗಿಯಿಂದ ನಡೆಯುತ್ತಿದ್ದ ಕಾಲ. ಯುರೋಪು ಮತ್ತು ಏಷ್ಯಾದಿಂದ ಬರುತ್ತಿದ್ದ ರೇಪ್‌ಸೀಡ್ ಎಣ್ಣೆ ನಿಂತುಹೋಯಿತು. ಕೆನಡದ ಸರ್ಕಾರ ತನ್ನ ಪ್ರೇರಿ ಬಯಲಿನ ರೈತರಿಗೆ ಈ ಬೆಳೆಯನ್ನು ಬೆಳೆಯಲು ಹೇಳಿತು. ಅರ್ಜೆಂಟೀನದಿಂದ ಬಂದ ಬೀಜವಾದ ನಾಪಸ್ಸಿಗೆ ‘ಅರ್ಜೆಂಟೈನ್’ ಎಂದೂ ಪೋಲೆಂಡಿನ ವಲಸಿಗನೊಬ್ಬನ ಮೂಲಕ ಬಂದಿದ್ದ ರಾಪಕ್ಕೆ ‘ಪೋಲಿಷ್’ ಎಂದೂ ಅಲ್ಲಿನ ರೈತರು ಕರೆದರು. ಯುದ್ಧ ಮುಗಿಯಿತು, ಉಗಿಯ ಜಾಗಕ್ಕೆ ಡೀಸೆಲ್ ಬಂತು, ಬೇಡಿಕೆ ಕುಸಿಯಿತು. ಗೋಧಿ ಮಾತ್ರ ಬೆಳೆದು ಬೇಸತ್ತಿದ್ದ ರೈತರ ಕೈಗೆ ಬಂದ ಎರಡನೆಯ ಬೆಳೆ ಇದು. ಅದನ್ನು ಉಳಿಸಿಕೊಳ್ಳಬೇಕಾದರೆ ಯಂತ್ರದ ಎಣ್ಣೆಯನ್ನು ಊಟದ ಎಣ್ಣೆಯಾಗಿ ಮಾಡಬೇಕಿತ್ತು.

ಅರ್ಧ ಬೀಜದ ಉಪಾಯ

ಅಡ್ಡಿಗಳು ಎರಡು. ಒಂದು ಎಣ್ಣೆಯದು, ಇನ್ನೊಂದು ಹಿಂಡಿಯದು.

ಹಿಂಡಿಯ ಸಮಸ್ಯೆಯನ್ನು ಅರಿಯಲು ನಮ್ಮ ಅಡುಗೆಮನೆಯೇ ಸಾಕು. ಬಿಸಿ ಎಣ್ಣೆಯಲ್ಲಿ ಚಟಪಟ ಸಿಡಿದ ಸಾಸಿವೆ ಘಾಟಾಗಿರುವುದಿಲ್ಲ. ಆದರೆ ಮಲೆನಾಡು, ಕರಾವಳಿಯ ಕಡೆ ಹಸಿ ಸಾಸಿವೆಯನ್ನು ತೆಂಗಿನಕಾಯಿಯೊಂದಿಗೆ ರುಬ್ಬಿ ಮೊಸರು ಸೇರಿಸಿ ಮಾಡುವ ‘ಸಾಸಿವೆ’ ಎಂಬ ವ್ಯಂಜನವನ್ನು ಉಂಡವರಿಗೆ ಮೂಗಿಗೇರುವ ಆ ಘಾಟು ಗೊತ್ತು. ಬೀಜದೊಳಗೆ ಗಂಧಕವುಳ್ಳ ಗ್ಲೂಕೋಸಿನೊಲೇಟ್ ಎಂಬ ಸಂಯುಕ್ತಗಳೂ ಮಿರೋಸಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ಕೋಣೆಗಳಲ್ಲಿರುತ್ತವೆ. ನೀರು ಹಾಕಿ ಅರೆದಾಗ ಎರಡೂ ಬೆರೆತು ಘಾಟಿನ ವಸ್ತು ಹುಟ್ಟುತ್ತದೆ. ಒಗ್ಗರಣೆಯ ಬಿಸಿಗೆ ಕಿಣ್ವ ಮೊದಲೇ ನಾಶವಾಗುವುದರಿಂದ ಅಲ್ಲಿ ಘಾಟಿಲ್ಲ. ಕೀಟಗಳಿಂದ ರಕ್ಷಿಸಿಕೊಳ್ಳಲು ಗಿಡ ಹೂಡಿರುವ ತಂತ್ರವಿದು. ನಾವು ತಿನ್ನುವ ಚಿಟಿಕೆಯಷ್ಟು ಸಾಸಿವೆಯಿಂದ ತೊಂದರೆಯಿಲ್ಲ. ಎಣ್ಣೆ ತೆಗೆದ ಹಿಂಡಿಯನ್ನು ಹಂದಿ, ಕೋಳಿಗಳಿಗೆ ನಿತ್ಯ ಆಹಾರವಾಗಿ ಕೊಟ್ಟಾಗ ಮಾತ್ರ ಥೈರಾಯ್ಡ್ ಗ್ರಂಥಿಗೆ ಪೆಟ್ಟು ಬೀಳುತ್ತದೆ. ಕೋಸನ್ನೇ ತಿನ್ನಿಸಿ ಸಾಕಿದ ಮೊಲಗಳಲ್ಲಿ ಗಳಗಂಡ ಕಾಣಿಸಿಕೊಂಡದ್ದು 1928ರಲ್ಲೇ ಅಮೆರಿಕದಲ್ಲಿ ವರದಿಯಾಗಿತ್ತು.

ಎಣ್ಣೆಯ ಸಮಸ್ಯೆ ಅದೇ ಎರೂಸಿಕ್ ಆಮ್ಲ. ಅದು ಹೆಚ್ಚಿರುವ ಎಣ್ಣೆಯನ್ನು ತಿನ್ನಿಸಿದ ಇಲಿಗಳ ಹೃದಯದ ಸ್ನಾಯುವಿನಲ್ಲಿ ಕೊಬ್ಬು ಶೇಖರವಾಗುವುದು ಪ್ರಯೋಗಗಳಲ್ಲಿ ಕಂಡಿತು. ಲೋಹಕ್ಕೆ ಹಿತವಾದ ಉದ್ದನೆಯ ಬಾಲ ಹೃದಯದ ಜೀವಕೋಶಕ್ಕೆ ಅರಗಿಸಿಕೊಳ್ಳಲು ಕಷ್ಟವಾಯಿತು.

ಹಾಗಾದರೆ ಎರೂಸಿಕ್ ಕಡಿಮೆ ಇರುವ ಗಿಡವನ್ನು ಹುಡುಕುವುದು ಹೇಗೆ? ಒಂದು ಬೀಜದ ತೂಕ ಮೂರು ನಾಲ್ಕು ಮಿಲಿಗ್ರಾಂ. ಅದರ ಎಣ್ಣೆಯನ್ನು ಪರೀಕ್ಷಿಸಬೇಕಾದರೆ ಅದನ್ನು ಜಜ್ಜಬೇಕು, ಜಜ್ಜಿದ ಬೀಜ ಮೊಳೆಯುವುದಿಲ್ಲ. ಇಲ್ಲಿ ಭೌತ-ರಾಸಾಯನಿಕ ಉಪಕರಣವೊಂದು ನೆರವಿಗೆ ಬಂತು. 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಪ್ರಕಟಿಸಿದ ಗ್ಯಾಸ್ ಕ್ರೊಮಟೋಗ್ರಫಿ ವಿಧಾನದಲ್ಲಿ ಎಣ್ಣೆಯ ಅತಿ ಸಣ್ಣ ಅಂಶವೇ ಸಾಕು. ಕೊಳವೆಯಲ್ಲಿ ಅನಿಲದ ಜೊತೆ ಸಾಗುವಾಗ 18 ಇಂಗಾಲದ್ದು ಮೊದಲು, 22ರದ್ದು ತಡವಾಗಿ ಹೊರಬರುತ್ತದೆ. ಸಸ್ಕಟೂನ್‌ನ ಕೀತ್ ಡೌನಿ ತನ್ನ ಸಹೋದ್ಯೋಗಿಯೊಂದಿಗೆ 1963ರಲ್ಲಿ ಒಂದು ಸರಳ ಉಪಾಯವನ್ನು ಪ್ರಕಟಿಸಿದ. ನೆನೆದ ಬೀಜದಿಂದ ಒಂದು ಬೀಜದಳವನ್ನು ಮಾತ್ರ ಕತ್ತರಿಸಿ ಉಪಕರಣಕ್ಕೆ ಕೊಡುವುದು, ಮೊಳಕೆಯಿರುವ ಉಳಿದ ಭಾಗವನ್ನು ನೆಡುವುದು. ಎರೂಸಿಕ್ ಪ್ರಮಾಣ ತಾಯಿಗಿಡವನ್ನಲ್ಲ, ಆ ಬೀಜದ ಭ್ರೂಣವನ್ನೇ ಅವಲಂಬಿಸಿರುವುದರಿಂದ ಅರ್ಧ ಬೀಜದ ಫಲಿತಾಂಶ ಇನ್ನರ್ಧಕ್ಕೂ ಸರಿಹೊಂದುತ್ತದೆ. ಕಾಗದದ ಮೇಲೆ 22ರ ಶೃಂಗ ಮೂಡದ ಬೀಜಗಳು ಮಾತ್ರ ಹೊಲಕ್ಕೆ ಹೋದವು. ದೊಡ್ಡ ಯಂತ್ರ, ದೊಡ್ಡ ಹಣ ಎರಡಕ್ಕಿಂತಲೂ ಇಂತಹ ಉಪಾಯಗಳೇ ವಿಜ್ಞಾನವನ್ನು ಮುಂದೆ ತಳ್ಳಿವೆ ಎಂಬುದು ನನ್ನ ಅಭಿಪ್ರಾಯ.

ಎರೂಸಿಕ್ ಕಡಿಮೆಯಿದ್ದ ಗಿಡಗಳು ಜರ್ಮನಿಯ ‘ಲಿಹೊ’ ಎಂಬ ಮೇವಿನ ತಳಿಯಲ್ಲಿ ಸಿಕ್ಕವು. ಗ್ಲೂಕೋಸಿನೊಲೇಟ್ ಕಡಿಮೆಯಿದ್ದದ್ದು ಪೋಲೆಂಡಿನ ‘ಬ್ರೊನೋವ್ಸ್ಕಿ’ ತಳಿ. 1968ರಲ್ಲಿ ‘ಓರೊ’ ಬಂತು. ಮ್ಯಾನಿಟೋಬ ವಿಶ್ವವಿದ್ಯಾಲಯದ ಬಾಲ್ಡರ್ ಸ್ಟೆಫಾನ್‌ಸನ್ ಎರಡೂ ಗುಣಗಳನ್ನು ಒಂದೇ ಗಿಡದಲ್ಲಿ ಸೇರಿಸಿ 1974ರಲ್ಲಿ ‘ಟವರ್’ ತಳಿಯನ್ನು ಬಿಡುಗಡೆ ಮಾಡಿದ. 1977ರಲ್ಲಿ ರಾಪದಲ್ಲಿಯೂ ಅಂತಹ ತಳಿ ಬಂತು. ಆಕಸ್ಮಿಕವೋ ಏನೋ, ಅದರ ಹೆಸರು ‘ಕ್ಯಾಂಡಲ್’! 1978ರಲ್ಲಿ ಈ ಹೊಸ ಬೆಳೆಗೆ ‘ಕನೋಲ’ ಎಂಬ ಹೆಸರಿಟ್ಟರು. ಎಣ್ಣೆಯಲ್ಲಿ ಎರೂಸಿಕ್ ಶೇಕಡ 2ಕ್ಕಿಂತ ಕಡಿಮೆ, ಹಿಂಡಿಯ ಪ್ರತಿ ಗ್ರಾಂಗೆ ಗ್ಲೂಕೋಸಿನೊಲೇಟ್ 30 ಮೈಕ್ರೋಮೋಲ್‌ಗಿಂತ ಕಡಿಮೆ ಇದ್ದರೆ ಮಾತ್ರ ಆ ಹೆಸರು ಸಲ್ಲುತ್ತದೆ.

ನಮ್ಮ ದೇಶದ ಓದುಗರಿಗೆ ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಬಂಗಾಳ, ಬಿಹಾರ, ಕಾಶ್ಮೀರಗಳಲ್ಲಿ ತಲೆತಲಾಂತರದಿಂದ ಜನ ಎರೂಸಿಕ್ ತುಂಬಿದ ಸಾಸಿವೆ ಎಣ್ಣೆಯನ್ನೇ ಉಂಡು ಬಂದಿದ್ದಾರಲ್ಲ? ಇಲಿಯ ದೇಹ ಈ ಆಮ್ಲವನ್ನು ಅರಗಿಸಿಕೊಳ್ಳುವುದರಲ್ಲಿ ವಿಶೇಷವಾಗಿ ಹಿಂದುಳಿದಿದೆ. ಮನುಷ್ಯರಲ್ಲಿ ಅದೇ ಬಗೆಯ ಹಾನಿ ಸಿದ್ಧವಾಗಿಲ್ಲ. ಹಾಗಿದ್ದೂ ಪಾಶ್ಚಾತ್ಯ ದೇಶಗಳು ಮುನ್ನೆಚ್ಚರಿಕೆಯಾಗಿ ಮಿತಿ ಹಾಕಿವೆ. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸಾಸಿವೆ ಎಣ್ಣೆಯ ಬಾಟಲಿಯ ಮೇಲೆ ‘ಮೈಗೆ ಹಚ್ಚಲು ಮಾತ್ರ’ ಎಂದು ಅಚ್ಚಾಗಿರುವುದನ್ನು ಅಲ್ಲಿಗೆ ಹೋದವರು ಕಂಡಿರಬಹುದು. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆ ಉಂಡು 60ಕ್ಕೂ ಹೆಚ್ಚು ಜನ ಸತ್ತ ದುರಂತವನ್ನು ಇದರೊಂದಿಗೆ ಬೆರೆಸಬಾರದು. ಅಲ್ಲಿ ಕೊಂದದ್ದು ಎರೂಸಿಕ್ ಅಲ್ಲ, ಕಲಬೆರಕೆಯಾಗಿ ಸೇರಿದ್ದ ಅರ್ಜಿಮೋನ್ ಎಂಬ ಮುಳ್ಳುಗಿಡದ ಬೀಜದ ಎಣ್ಣೆ. ಎರಡೂ ಗುಣ ತಗ್ಗಿಸಿದ ಜಂಸಿಯ ಸಾಸಿವೆ ತಳಿಗಳನ್ನು ದೆಹಲಿಯ ಪೂಸಾ ಸಂಸ್ಥೆ 2010ರ ದಶಕದಲ್ಲಿ ರೂಪಿಸಿದೆ. ಆದರೆ ಘಾಟಿಲ್ಲದ ಸಾಸಿವೆ ಎಣ್ಣೆಯನ್ನು ಬಂಗಾಳದವರು ಸಾಸಿವೆ ಎಣ್ಣೆ ಎಂದು ಒಪ್ಪುತ್ತಾರೆಯೇ ಎಂಬುದು ವಿಜ್ಞಾನದ ಪ್ರಶ್ನೆಯಲ್ಲ.

ಟ್ಯಾಂಕಿನೊಳಗೆ

ಸಸ್ಯದ ಎಣ್ಣೆಯಿಂದ ಎಂಜಿನ್ ಓಡಿಸುವ ವಿಚಾರ ಹಳೆಯದು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತು. ಅಡ್ಡಿಯಾದದ್ದು ಮತ್ತೆ ಆ ಹಳೆಯ ಶತ್ರು, ಸ್ನಿಗ್ಧತೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ರೇಪ್‌ಸೀಡ್ ಎಣ್ಣೆಯ ಚಲನ ಸ್ನಿಗ್ಧತೆ ಸೆಕೆಂಡಿಗೆ ಸುಮಾರು 35 ಚದರ ಮಿಲಿಮೀಟರ್, ಡೀಸೆಲಿನದು 2ರಿಂದ 4.5. ಇಷ್ಟು ಮಂದವಾದ ಎಣ್ಣೆ ಇಂಜೆಕ್ಟರಿನ ಸಣ್ಣ ರಂಧ್ರದಿಂದ ನವಿರಾದ ತುಂತುರಾಗಿ ಹೊರಬರದೆ ಅರೆಬೆಂದು ಇಂಗಾಲವಾಗಿ ಕೂರುತ್ತದೆ. (ಶಿಕ್ಷಕರಿಗೊಂದು ಸೂಚನೆ: ಒಂದೇ ಬ್ಯುರೆಟ್ಟಿನಿಂದ ನೀರು, ಸೀಮೆಎಣ್ಣೆ, ಸಾಸಿವೆ ಎಣ್ಣೆ ಇವು 10 ಮಿ.ಲೀ. ಇಳಿಯಲು ತೆಗೆದುಕೊಳ್ಳುವ ಕಾಲವನ್ನು ಅಳೆಯಿಸಿ ನೋಡಿ. ಎಣ್ಣೆಯನ್ನು ಸ್ವಲ್ಪ ಬೆಚ್ಚಗೆ ಮಾಡಿ ಮತ್ತೆ ಅಳೆಯಿಸಿ.)

ಇದಕ್ಕೆ ಪರಿಹಾರ, ಮೂರು ಬಾಲಗಳನ್ನು ಗ್ಲಿಸರಾಲ್‌ನಿಂದ ಬಿಡಿಸಿ ಒಂದೊಂದಕ್ಕೂ ಮೆಥನಾಲ್ ಜೋಡಿಸುವುದು. 100 ಕಿ.ಗ್ರಾಂ ಎಣ್ಣೆಗೆ ಸುಮಾರು 11 ಕಿ.ಗ್ರಾಂ ಮೆಥನಾಲ್ ಮತ್ತು ಸ್ವಲ್ಪ ಕ್ಷಾರ ಸೇರಿಸಿದರೆ ಸರಿಸುಮಾರು 100 ಕಿ.ಗ್ರಾಂ ಮೀಥೈಲ್ ಎಸ್ಟರ್ ದೊರೆಯುತ್ತದೆ, ಗ್ಲಿಸರಿನ್ ತಳಕ್ಕಿಳಿಯುತ್ತದೆ. ಎಸ್ಟರಿನ ಸ್ನಿಗ್ಧತೆ 4.5ರ ಹತ್ತಿರ. ಇದೇ ಬಯೋಡೀಸೆಲ್. ಬೆಲ್ಜಿಯಂನ ಶವಾನ್ 1937ರಲ್ಲಿ ತಾಳೆ ಎಣ್ಣೆಯ ಇಂತಹ ಎಸ್ಟರಿಗೆ ಪೇಟೆಂಟ್ ಪಡೆದಿದ್ದ. ರೇಪ್‌ಸೀಡ್ ಬಯೋಡೀಸೆಲ್ 1980ರ ದಶಕದಲ್ಲಿ ಆಸ್ಟ್ರಿಯದಲ್ಲಿ ರೂಢಿಗೆ ಬಂತು. 1992ರಲ್ಲಿ ಯುರೋಪಿನ ಕೃಷಿನೀತಿ ಬದಲಾಗಿ, ಧಾನ್ಯ ಮಿಗುತ್ತಿದೆ ಎಂದು ರೈತರು ಒಂದಷ್ಟು ಭೂಮಿಯನ್ನು ಬೀಳು ಬಿಡಬೇಕಾಯಿತು. ಆ ಭೂಮಿಯಲ್ಲಿ ಆಹಾರವಲ್ಲದ ಬೆಳೆ ಬೆಳೆಯಬಹುದಿತ್ತು. ಇಂಧನಕ್ಕಾಗಿ ಬೆಳೆದ ರೇಪ್‌ಸೀಡ್ ಆ ಕಲಮಿನೊಳಗೆ ಸರಿಯಾಗಿ ಕುಳಿತುಕೊಂಡಿತು.

ಇಲ್ಲಿಯೇ ಕಥೆಯ ತೊಡಕು ಇರುವುದು. ಎರೂಸಿಕ್ ತೆಗೆದ ಜಾಗದಲ್ಲಿ ಗಿಡ ತುಂಬಿಕೊಂಡದ್ದು ಮುಖ್ಯವಾಗಿ 18 ಇಂಗಾಲದ, ಒಂದೇ ದ್ವಿಬಂಧದ ಓಲಿಯಿಕ್ ಆಮ್ಲ, ಸುಮಾರು ಶೇಕಡ 60ರಷ್ಟು. ಹೃದಯಕ್ಕೆ ಹಿತವೆಂದು ವೈದ್ಯರು ಹೊಗಳುವ ಆಮ್ಲ ಇದು. ಇದರ ಎಸ್ಟರ್ ಯುರೋಪಿನ ಚಳಿಗೂ ಬೇಗ ಹೆಪ್ಪುಗಟ್ಟುವುದಿಲ್ಲ, ದ್ವಿಬಂಧ ಒಂದೇ ಇರುವುದರಿಂದ ಬೇಗ ಕೆಡುವುದೂ ಇಲ್ಲ. ಹಳೆಯ ಕಾಲದಲ್ಲಿ ಯಂತ್ರಕ್ಕೆ ಒಳ್ಳೆಯದಾದ ಅಣು ತಟ್ಟೆಗೆ ಸಲ್ಲುತ್ತಿರಲಿಲ್ಲ. ತಟ್ಟೆಗಾಗಿ ಎಣ್ಣೆಯನ್ನು ತಿದ್ದಿದ ಮೇಲೆ ಅದೇ ಎಣ್ಣೆ ಎಂಜಿನ್ನಿಗೂ ಅತ್ಯುತ್ತಮವಾಯಿತು. ಒಂದೇ ಗೋದಾಮಿನ ಬೀಜಕ್ಕೆ ಈಗ ಇಬ್ಬರು ಗಿರಾಕಿಗಳು.

ಪೈಪೋಟಿ ಎಷ್ಟರದು ಎಂದು ಒರಟಾಗಿ ಅಂದಾಜಿಸೋಣ. ಹೆಕ್ಟೇರಿಗೆ 3.5 ಟನ್ ಬೀಜ, ಅದರಲ್ಲಿ ಶೇಕಡ 40ಕ್ಕೆ ಸ್ವಲ್ಪ ಮೇಲೆ ಎಣ್ಣೆ ಎಂದರೆ ಸುಮಾರು 1,500 ಲೀಟರ್ ಬಯೋಡೀಸೆಲ್. ಲೀಟರಿಗೆ 15 ಕಿ.ಮೀ. ಓಡುವ ಕಾರು ವರ್ಷಕ್ಕೆ 15,000 ಕಿ.ಮೀ. ಓಡಿದರೆ 1,000 ಲೀಟರ್ ಬೇಕು. ಅಂದರೆ ಒಂದು ಕಾರಿಗೆ ಮುಕ್ಕಾಲು ಹೆಕ್ಟೇರಿಗೆ ಸ್ವಲ್ಪ ಕಡಿಮೆ. ಒಬ್ಬರಿಗೆ ವರ್ಷಕ್ಕೆ 20 ಕಿ.ಗ್ರಾಂ ಅಡುಗೆ ಎಣ್ಣೆ ಎಂದು ಹಿಡಿದರೆ ಆ ಕಾರು ಕುಡಿದದ್ದು 44 ಜನರ ಎಣ್ಣೆ. ಹಿಂಡಿ ದನಗಳಿಗೆ ಉಳಿಯುತ್ತದಲ್ಲ ಎಂದು ಬಯೋಡೀಸೆಲ್ ಪರವಾದವರು ಹೇಳುವುದು ನಿಜ, ಬೀಜದ ಅರ್ಧಕ್ಕಿಂತ ಹೆಚ್ಚು ಭಾಗ ಮೇವಾಗಿ ಮರಳುತ್ತದೆ. ಆದರೆ ಶಕ್ತಿಯ ಲೆಕ್ಕ ಅವರಿಗೆ ಅನುಕೂಲವಾಗಿಲ್ಲ. ಜರ್ಮನಿಯಲ್ಲಿ ಒಂದು ಹೆಕ್ಟೇರಿನ ಮೇಲೆ ವರ್ಷಕ್ಕೆ ಬೀಳುವ ಸೌರಶಕ್ತಿ ಸುಮಾರು ಒಂದು ಕೋಟಿ ಕಿಲೋವಾಟ್-ಗಂಟೆ. 1,500 ಲೀಟರ್ ಬಯೋಡೀಸೆಲ್‌ನಲ್ಲಿರುವುದು ಸುಮಾರು 13,700, ಅಂದರೆ ಶೇಕಡ 0.14. ಸಾಧಾರಣ ಸೌರಫಲಕವೂ ಇದರ ನೂರು ಪಟ್ಟಿಗಿಂತ ಹೆಚ್ಚು ದಕ್ಷ. ಊಟದ ಎಣ್ಣೆಯನ್ನು ಸೌರಫಲಕ ಕೊಡಲಾರದು. ಆದ್ದರಿಂದ ಹೊಲವನ್ನು ಊಟಕ್ಕೆ ಬಿಟ್ಟು ಕಾರಿಗೆ ಬೇರೆ ದಾರಿ ನೋಡುವುದೇ ಸರಿ ಎಂಬ ವಾದ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

2003ರಲ್ಲಿ ಯುರೋಪಿನ ಒಕ್ಕೂಟ 2010ರ ವೇಳೆಗೆ ಸಾರಿಗೆ ಇಂಧನದ ಶೇಕಡ 5.75 ಜೈವಿಕ ಮೂಲದಿಂದ ಬರಲಿ ಎಂದು ಗುರಿ ಇಟ್ಟಿತು. 2008ರಲ್ಲಿ ಜಗತ್ತಿನಾದ್ಯಂತ ಆಹಾರದ ಬೆಲೆ ಏರಿದಾಗ ಎಲ್ಲರ ಬೆರಳೂ ಆ ಕಡೆ ತಿರುಗಿತು. 2015ರಲ್ಲಿ ಅದೇ ಒಕ್ಕೂಟ ಆಹಾರ ಬೆಳೆಗಳ ಇಂಧನಕ್ಕೆ ಶೇಕಡ 7ರ ಮೇಲ್ಮಿತಿ ಹಾಕಿತು. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯ ಸರಬರಾಜು ಕಡಿದಾಗ ಕರ್ನಾಟಕದ ಮನೆಮನೆಯೂ ಅದರ ಬಿಸಿಯನ್ನು ಕಂಡಿತು. ಆಗ ಯುರೋಪಿನಲ್ಲಿ ರೇಪ್‌ಸೀಡ್ ಎಣ್ಣೆಯನ್ನು ಸುಡುವುದು ಸರಿಯೇ ಎಂಬ ಚರ್ಚೆ ಮತ್ತೆ ಎದ್ದಿತು. ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುವ ಭಾರತ 2009ರ ಜೈವಿಕ ಇಂಧನ ನೀತಿಯಲ್ಲಿ ತಿನ್ನಲು ಬಾರದ ಎಣ್ಣೆಗಳನ್ನೇ ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ದೀಪಕ್ಕೆ ಉರಿಸುತ್ತಿದ್ದ ಹೊಂಗೆ ಎಣ್ಣೆಯತ್ತ ಕರ್ನಾಟಕ ನೋಡಿದ್ದೂ ಹಾಗೆಯೇ. ಹೊಂಗೆ ಕಹಿ, ಅದನ್ನು ಬಾಣಲೆಗೆ ಯಾರೂ ಕೇಳುವುದಿಲ್ಲ.

ಎರೂಸಿಕ್ ಆಮ್ಲವೂ ಪೂರ್ತಿ ಮರೆಯಾಗಿಲ್ಲ. ಪ್ಲಾಸ್ಟಿಕ್ ಚೀಲದ ಎರಡು ಹಾಳೆಗಳು ಒಂದಕ್ಕೊಂದು ಅಂಟದೆ ಜಾರುವಂತೆ ಮಾಡಲು ಅದರಿಂದ ತಯಾರಾದ ಎರೂಕಮೈಡ್ ಬಳಸುತ್ತಾರೆ. ಇದಕ್ಕಾಗಿ ಎರೂಸಿಕ್ ಹೆಚ್ಚಿರುವ ತಳಿಗಳನ್ನು, ಪರಾಗ ಕನೋಲ ಹೊಲಕ್ಕೆ ಹಾರಿ ಬೆರೆಯದಂತೆ ದೂರವಿಟ್ಟು, ಈಗಲೂ ಬೆಳೆಯಲಾಗುತ್ತಿದೆ. ಇನ್ನು ನೆನಪಿನಲ್ಲಿಡಿ ಎಂದಿದ್ದ 17ರ ಕ್ಯಾರಿನೇಟ. ಇದರ ಎಣ್ಣೆಯಲ್ಲಿಯೂ ಎರೂಸಿಕ್ ಹೇರಳ. ಉದ್ದನೆಯ ಸರಪಳಿಯನ್ನು ಹೈಡ್ರೊಜನ್ ಬಳಸಿ ತುಂಡರಿಸಿದರೆ ವಿಮಾನದ ಇಂಧನ ಸಿಗುತ್ತದೆ. 2012ರ ಅಕ್ಟೋಬರ್ 29ರಂದು ಕೆನಡದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಫಾಲ್ಕನ್ ಜೆಟ್ ವಿಮಾನ ಪೆಟ್ರೋಲಿಯಂ ಬೆರಕೆಯಿಲ್ಲದ ಇಂತಹ ಇಂಧನದಿಂದಲೇ ಹಾರಿತು. 2018ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಿಂದ ಮೆಲ್ಬರ್ನ್‌ಗೆ ಹೋದ ಕ್ವಾಂಟಾಸ್ ವಿಮಾನದ ಇಂಧನದಲ್ಲಿ ಶೇಕಡ 10 ಭಾಗ ಕ್ಯಾರಿನೇಟದ್ದಿತ್ತು. ಮುಖ್ಯ ಬೆಳೆ ಇಲ್ಲದ ಚಳಿಗಾಲದಲ್ಲಿ ಖಾಲಿ ಬಿದ್ದಿರುವ ಹೊಲದಲ್ಲಿ ಅದನ್ನು ಬೆಳೆಯುವುದರಿಂದ ಊಟದ ಬೆಳೆಗೆ ಅಡ್ಡಿಯಿಲ್ಲ ಎಂದು ಅದನ್ನು ಬೆಳೆಸುವವರ ಸಮರ್ಥನೆ. ಕ್ಯಾರಿನೇಟದ ತವರು ಇಥಿಯೋಪಿಯ. ಅಲ್ಲಿ ಅದರ ಎಳೆಯ ಎಲೆಗಳನ್ನು ನಾವು ಸೊಪ್ಪು ಬೇಯಿಸುವಂತೆ ಬೇಯಿಸಿ ಇಂಜೆರ ಎಂಬ ದೋಸೆಯ ಜೊತೆ ಉಣ್ಣುತ್ತಾರೆ.